ಇಪ್ಪತ್ತು ವರ್ಷ ಹೋಲ್ಡ್ ಆಗಿದ್ದ ಕಾಮಿಕ್ಸ್

ಸೂಪರ್‌ಹೀರೋ ಕಾಮಿಕ್ಸ್ ಓದುವುದನ್ನು ನಾನು ಬಿಟ್ಟು ಹನ್ನೆರಡು ವರ್ಷದ ಮೇಲಾಗಿತ್ತು. ಬೇಸರವಾಗಿ ಬಿಟ್ಟದ್ದಲ್ಲ. ಹೈಸ್ಕೂಲಿನಲ್ಲಿದ್ದಾಗ ಗೋಥಮ್ ಕಾಮಿಕ್ಸ್‌ನವರು ಮಾರ್ವೆಲ್, ಡಿಸಿ ಎರಡನ್ನೂ ನಮ್ಮ ದೇಶದಲ್ಲೇ ಅಗ್ಗದ ಬೆಲೆಗೆ ಕೊಡುತ್ತಿದ್ದರು. ನನ್ನ ಇಂಗ್ಲಿಷ್ ಅರ್ಧ ಕುದುರಿದ್ದೇ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್ ಓದಿ. ಡಿಪ್ಲೊಮಾ ಮುಗಿಸಿ ಸ್ಟ್ರಿಂಜರ್ ಆದ ಮೇಲೆ ಕೈಗೆ ಬಂದದ್ದೆಲ್ಲ ಕೆಡಿಪಿ ಸಭೆಯ ಪ್ರಗತಿ ವರದಿ, ಎಫ್‌ಐಆರ್ ಪ್ರತಿ, ಮಳೆ ಪ್ರಮಾಣದ ಪಟ್ಟಿ. ಓದು ತಾನಾಗಿ ನಿಂತಿತು.

2025ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಮತ್ತು ಡಿಸಿ ಬಹಳ ವರ್ಷಗಳ ನಂತರ ಕೈಜೋಡಿಸಿ 'ಡೆಡ್‌ಪೂಲ್/ಬ್ಯಾಟ್‌ಮ್ಯಾನ್' ತಂದವು. ಸುದ್ದಿ ನೋಡಿ ಬೆಂಗಳೂರಿನಲ್ಲಿರುವ ಡಿಪ್ಲೊಮಾ ಗೆಳೆಯನಿಗೆ ಫೋನ್ ಮಾಡಿದೆ. "ಅದು ಹಾಗಿರಲಿ ಮಾರಾಯ, ನೀನು ಮೊದಲು ಇದನ್ನು ಓದು" ಎಂದು ಅವನು ಬಸ್ಸಿನಲ್ಲಿ ಪಾರ್ಸೆಲ್ ಹಾಕಿದ್ದು 'ಜೆಎಲ್‌ಎ/ಅವೆಂಜರ್ಸ್' ಸಂಪುಟ.

ಇದು 2003-04ರಲ್ಲಿ ನಾಲ್ಕು ಸಂಚಿಕೆಗಳಾಗಿ ಬಂದ ಕಥೆ. ಬರೆದವರು ಕರ್ಟ್ ಬ್ಯುಸಿಕ್, ಚಿತ್ರ ಜಾರ್ಜ್ ಪೆರೆಸ್ ಅವರದು. ಎರಡೂ ಕಂಪನಿಗಳ ಮರ್ಯಾದೆ ಉಳಿಯಬೇಕಲ್ಲ, ಒಂದು ಮತ್ತು ಮೂರನೇ ಸಂಚಿಕೆಯಲ್ಲಿ ಜೆಎಲ್‌ಎ ಹೆಸರು ಮೊದಲು, ಎರಡು ಮತ್ತು ನಾಲ್ಕರಲ್ಲಿ ಅವೆಂಜರ್ಸ್ ಹೆಸರು ಮೊದಲು. ನಮ್ಮಲ್ಲಿ ಆಮಂತ್ರಣ ಪತ್ರಿಕೆಯಲ್ಲಿ ಶಾಸಕರ ಹೆಸರು ಮೇಲೋ ಸಂಸದರ ಹೆಸರು ಮೇಲೋ ಎಂದು ನಡೆಯುವ ಲೆಕ್ಕಾಚಾರದಂತೆಯೇ.

ಗುದ್ದಾಟಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ಒಂದು ಜಗಳ. ಮಾರ್ವೆಲ್ ಲೋಕಕ್ಕೆ ಬಂದ ಸೂಪರ್‌ಮ್ಯಾನ್‌ಗೆ ಅಲ್ಲಿನ ದ್ವೇಷ, ದಬ್ಬಾಳಿಕೆ ಕಾಣುತ್ತದೆ. ಇಷ್ಟು ಶಕ್ತಿಯಿದ್ದೂ ಅವೆಂಜರ್ಸ್ ತಮ್ಮ ಜನರಿಗೆ ಸಾಕಷ್ಟು ಮಾಡಿಲ್ಲ ಎಂಬುದು ಅವನ ಸಿಟ್ಟು. ಡಿಸಿ ಲೋಕಕ್ಕೆ ಹೋದ ಕ್ಯಾಪ್ಟನ್ ಅಮೆರಿಕಾಗೆ ಕಾಣುವುದು ಹೀರೋಗಳ ಮ್ಯೂಸಿಯಂ, ಜನರ ಭಕ್ತಿ. ಇವರು ಜನರಿಂದ ಪೂಜೆ ಮಾಡಿಸಿಕೊಳ್ಳುತ್ತಿದ್ದಾರೆ ಎಂಬುದು ಅವನ ಅನುಮಾನ. ಸರ್ಕಲ್ಲಿನ ತುಂಬ ಫ್ಲೆಕ್ಸ್ ನೋಡುತ್ತಲೇ ವರದಿ ಬರೆಯುವ ನನಗೆ ಇಬ್ಬರ ಮಾತೂ ಹೊಸದೆನಿಸಲಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ಓದಿದ್ದರೆ ಈ ಪುಟಗಳನ್ನು ಹಾರಿಸಿ ಫೈಟಿಂಗ್‌ಗೆ ಹೋಗುತ್ತಿದ್ದೆ.

ಇನ್ನೊಂದು ಭಾಗವಿದೆ. ಕಲಸಿಹೋದ ಎರಡು ಲೋಕಗಳನ್ನು ಮೊದಲಿನಂತೆ ಮಾಡಿದರೆ ತಮ್ಮ ತಮ್ಮ ಬದುಕಿನಲ್ಲಿ ಏನೇನು ಕಾದಿದೆ ಎಂಬುದನ್ನು ಹೀರೋಗಳು ಮೊದಲೇ ನೋಡುತ್ತಾರೆ. ಫ್ಲ್ಯಾಶ್ ಆಗಿರುವ ಬ್ಯಾರಿ ಆಲನ್‌ಗೆ ತನ್ನ ಸಾವೇ ಕಾಣುತ್ತದೆ. ಗ್ರೀನ್ ಲ್ಯಾಂಟರ್ನ್ ಹಾಲ್ ಜೋರ್ಡನ್‌ಗೆ ತಾನು ದಾರಿ ತಪ್ಪುವುದು ಕಾಣುತ್ತದೆ. ಆದರೂ ಲೋಕ ಮೊದಲಿನಂತೆಯೇ ಆಗಲಿ ಎನ್ನುತ್ತಾರೆ. ಅದನ್ನೋದಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆಮೇಲೆ ಈ ಪುಸ್ತಕದ ಹಿಂದಿನ ಕಥೆ ಹುಡುಕಿದೆ. ಎರಡು ಕಂಪನಿಗಳು 1976ರಲ್ಲೇ ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್‌ನನ್ನು ಒಂದೇ ಪುಸ್ತಕದಲ್ಲಿ ತಂದಿದ್ದವು. 1980ರ ದಶಕದ ಆರಂಭದಲ್ಲಿ ಜೆಎಲ್‌ಎ ಮತ್ತು ಅವೆಂಜರ್ಸ್ ಸರದಿ. ಆಗಲೂ ಚಿತ್ರಕಾರ ಪೆರೆಸ್ ಅವರೇ. ಸುಮಾರು 20 ಪುಟ ಬರೆದೂ ಆಗಿತ್ತು. ಕಥೆಯ ವಿಚಾರದಲ್ಲಿ ಎರಡು ಕಚೇರಿಗಳ ನಡುವೆ ತಕರಾರಾಗಿ 1983ರಲ್ಲಿ ಇಡೀ ಯೋಜನೆ ಬಿದ್ದುಹೋಯಿತು.

ನಮ್ಮಂಥವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಮೂರು ದಿನ ಹಳ್ಳಿ ಸುತ್ತಿ, ಸ್ವಂತ ಪೆಟ್ರೋಲ್ ಹಾಕಿಕೊಂಡು ತಂದ ಸುದ್ದಿ ಡೆಸ್ಕಿನಲ್ಲಿ 'ಹೋಲ್ಡ್' ಆಗುತ್ತದೆ. ಪ್ರಕಟವಾಗದಿದ್ದರೆ ಕಾಸೂ ಇಲ್ಲ, ಬೈಲೈನೂ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅಂಥ ಸುದ್ದಿಗಳದ್ದೇ ಒಂದು ಫೋಲ್ಡರ್ ಇದೆ, ನಿಮ್ಮದರಲ್ಲೂ ಇರುತ್ತದೆ.

ಪೆರೆಸ್‌ಗೆ ಅದೇ ಕೆಲಸ ಇಪ್ಪತ್ತು ವರ್ಷದ ಮೇಲೆ ಮರಳಿ ಸಿಕ್ಕಿತು. ಸೇಡು ತೀರಿಸಿಕೊಂಡವರಂತೆ ಬರೆದರು. ಮೂರನೇ ಸಂಚಿಕೆಯ ಹೊದಿಕೆಯೊಂದರಲ್ಲೇ ಎರಡೂ ತಂಡಗಳ 200ಕ್ಕೂ ಹೆಚ್ಚು ಪಾತ್ರಗಳಿವೆ, ಯಾರ ಮುಖವೂ ಇನ್ನೊಬ್ಬರಂತಿಲ್ಲ. ನಾಲ್ಕನೇ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಒಂದು ಕೈಯಲ್ಲಿ ಕ್ಯಾಪ್ಟನ್ ಅಮೆರಿಕಾನ ಗುರಾಣಿ, ಇನ್ನೊಂದರಲ್ಲಿ ಥಾರ್‌ನ ಸುತ್ತಿಗೆ ಹಿಡಿದು ನಿಲ್ಲುತ್ತಾನೆ. ಆ ಚಿತ್ರ ಈಗ ನನ್ನ ಫೋನಿನ ವಾಲ್‌ಪೇಪರ್. ನೋಡಿ ಹೆಂಡತಿ ನಕ್ಕಳು, ಮಗ ಮಾತ್ರ ಹತ್ತಿರ ಬಂದು ಕೂತ.

2021ರ ಡಿಸೆಂಬರ್‌ನಲ್ಲಿ ಪೆರೆಸ್ ತಮಗೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಆಗಿದೆ ಎಂದು ಓದುಗರಿಗೆ ತಾವೇ ತಿಳಿಸಿದರು. ಚಿಕಿತ್ಸೆ ಬೇಡವೆಂದು ನಿರ್ಧರಿಸಿದ್ದರು. ಆಗ ಎರಡೂ ಕಂಪನಿಗಳು ಒಪ್ಪಿ 'ಜೆಎಲ್‌ಎ/ಅವೆಂಜರ್ಸ್'ನ 7,000 ಪ್ರತಿಗಳನ್ನು ಮರುಮುದ್ರಿಸಿದವು. ಅದು ಬಂದದ್ದು ಹೀರೋ ಇನಿಶಿಯೇಟಿವ್ ಸಂಸ್ಥೆಯ ನೆರವಿಗಾಗಿ. ಕಷ್ಟದಲ್ಲಿರುವ ಕಾಮಿಕ್ಸ್ ಬರಹಗಾರರಿಗೆ, ಚಿತ್ರಕಾರರಿಗೆ ಆಸ್ಪತ್ರೆ ಖರ್ಚು, ಮನೆ ಬಾಡಿಗೆಗೆ ಕೈ ಹಿಡಿಯುವ ಸಂಸ್ಥೆ ಅದು. ಅಮೆರಿಕದಲ್ಲೂ ಈ ಕಸುಬಿನ ಹೆಚ್ಚಿನವರು ಪುಟದ ಲೆಕ್ಕದಲ್ಲಿ ದುಡಿದವರು, ಪಿಂಚಣಿ ಇಲ್ಲದವರು. ಪೆರೆಸ್ 2022ರ ಮೇ 6ರಂದು, 67ನೇ ವಯಸ್ಸಿನಲ್ಲಿ ತೀರಿಕೊಂಡರು.

ಪಿಂಚಣಿ ಇಲ್ಲದ ಪತ್ರಕರ್ತರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಯಾರಿಗಾದರೂ ಕಾಯಿಲೆಯಾದರೆ ವಾಟ್ಸಾಪ್ ಗುಂಪಿನಲ್ಲಿ ಐನೂರು, ಸಾವಿರ ಎಂದು ಕೂಡಿಸುತ್ತೇವೆ. ಅದಕ್ಕೊಂದು ಶಾಶ್ವತ ನಿಧಿ ಮಾಡೋಣ ಎಂಬ ಮಾತು ವರ್ಷಗಳಿಂದ ಇದೆ. ಮುಂದಿನ ಸಭೆಯಲ್ಲಿ ಈ ಪುಸ್ತಕವನ್ನೇ ಹಿಡಿದುಕೊಂಡು ಹೋಗಿ ಮಾತಾಡಬೇಕೆಂದಿದ್ದೇನೆ. ನಗುವವರು ನಗಲಿ.

ಸಂಪುಟ ಇನ್ನೂ ಗೆಳೆಯನಿಗೆ ವಾಪಸ್ ಹೋಗಿಲ್ಲ. ಬದಲಿಗೆ ಪೆರೆಸ್ ಅವರ 'ಕ್ರೈಸಿಸ್ ಆನ್ ಇನ್‌ಫಿನೈಟ್ ಅರ್ತ್ಸ್' ಇದ್ದರೆ ಕಳಿಸು ಎಂದಿದ್ದೇನೆ. 12 ಸಂಚಿಕೆ, ಮಳೆಗಾಲಕ್ಕೆ ಸಾಕು.