ಹದಿನಾರನೆಯ ಆಟಗಾರ

ಐರ್ಲೆಂಡ್ ಹಸಿರು ಹುಲ್ಲುಗಾವಲುಗಳ ದ್ವೀಪ. ಅಲ್ಲಿನ ಹಳ್ಳಿಗಾಡಿನಲ್ಲಿ ಸಂಚರಿಸುವವನಿಗೆ ಬಹುತೇಕ ಎಲ್ಲ ಊರುಗಳಲ್ಲಿಯೂ ಮೂರು ವಸ್ತುಗಳು ಕಣ್ಣಿಗೆ ಬೀಳುತ್ತವೆ: ಒಂದು ಇಗರ್ಜಿ, ಒಂದು ಶಾಲೆ, ಮತ್ತು ಇಂಗ್ಲಿಷಿನ ಎಚ್ ಅಕ್ಷರದಂತೆ ನಿಂತ ಗೋಲುಗಂಬಗಳುಳ್ಳ ಒಂದು ಆಟದ ಬಯಲು. ಆ ಬಯಲಿನಲ್ಲಿ ನಡೆಯುವ ಆಟಗಳಲ್ಲಿ ಮುಖ್ಯವಾದುದು ಗೇಲಿಕ್ ಫುಟ್‌ಬಾಲ್. ಒಂದೊಂದು ತಂಡದಲ್ಲಿ ಹದಿನೈದು ಜನ. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಲೂಬಹುದು. ಅಡ್ಡಪಟ್ಟಿಯ ಕೆಳಗೆ ಬಲೆಯೊಳಕ್ಕೆ ಹೋದರೆ ಗೋಲು. ಅದಕ್ಕೆ ಮೂರು ಅಂಕ. ಪಟ್ಟಿಯ ಮೇಲಿನಿಂದ ಹಾದುಹೋದರೆ ಒಂದು ಅಂಕ. ನಲವತ್ತು ಮೀಟರಿನ ಗೆರೆಯ ಆಚೆಯಿಂದ ಒದ್ದು ಹಾಗೆ ಹಾಯಿಸಿದವರಿಗೆ 2025ರಿಂದ ಎರಡು ಅಂಕ ದೊರೆಯುತ್ತಿದೆ.

ಈ ಆಟಕ್ಕೆ ಇಂದಿನ ವ್ಯವಸ್ಥೆ ಬರಲು ಕಾರಣನಾದವನು ಒಬ್ಬ ಉಪಾಧ್ಯಾಯ. 1884ರ ನವೆಂಬರ್ 1ರಂದು ಟಿಪರರಿ ಕೌಂಟಿಯ ಥರ್ಲಿಸ್ ಪಟ್ಟಣದ ಒಂದು ಹೋಟೆಲಿನಲ್ಲಿ ಮೈಕೆಲ್ ಕ್ಯೂಸಾಕ್ ಮತ್ತು ಅವನ ಕೆಲವು ಗೆಳೆಯರು ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ದೇಶವು ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು; ನಾಡಿನ ಆಟಗಳು ಮರೆಯಾಗುತ್ತಿದ್ದವು. ಅವು ಉಳಿಯಬೇಕಾದರೆ ಊರೂರಿನಲ್ಲಿಯೂ ಬೇರು ಬಿಡಬೇಕೆಂದು ಸ್ಥಾಪಕರು ಬಗೆದರು. ಒಂದು ಇಗರ್ಜಿಗೆ ಸೇರಿದ ಊರುಕೇರಿಗಳ ಸಮೂಹಕ್ಕೆ ಅಲ್ಲಿ ಪ್ಯಾರಿಷ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಪ್ಯಾರಿಷಿಗೆ ಒಂದು ಕ್ಲಬ್ ಎಂಬ ಪದ್ಧತಿ ಹೀಗೆ ಬೆಳೆದು ಬಂತು.

ಈ ಆಟದ ಒಂದು ವಿಶೇಷವನ್ನು ಮೊದಲೇ ಅರಿಯಬೇಕು. ಇಲ್ಲಿ ಆಟಗಾರನಿಗೆ ಸಂಬಳವಿಲ್ಲ. ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಭಾನುವಾರ ಜಯಘೋಷ ಕೇಳಿದವನೂ ರಜೆ ಮುಗಿದೊಡನೆ ತನ್ನ ಹೊಲಕ್ಕೋ ಕಚೇರಿಗೋ ಹೋಗಲೇಬೇಕು. ಈ ಕಾಲದ ಅತಿ ದೊಡ್ಡ ಆಟಗಾರರಲ್ಲಿ ಒಬ್ಬನೆನಿಸಿದ ಕೆರ್ರಿ ಕೌಂಟಿಯ ಡೇವಿಡ್ ಕ್ಲಿಫರ್ಡ್ ವೃತ್ತಿಯಿಂದ ಶಾಲಾ ಶಿಕ್ಷಕ. ಹಣವಿಲ್ಲದ ಮೇಲೆ ಆಟಗಾರರನ್ನು ಕೊಳ್ಳುವ ಮಾತೂ ಇಲ್ಲ. ಅನೇಕ ಕೌಂಟಿಗಳಲ್ಲಿ ತಾನು ಹುಟ್ಟಿದ ಅಥವಾ ನೆಲೆಸಿದ ಪ್ಯಾರಿಷಿನ ಕ್ಲಬ್ಬಿಗೇ ಆಟಗಾರನು ಸೇರಬೇಕೆಂಬ ನಿಯಮವುಂಟು. ಆದುದರಿಂದ ತಂಡದಲ್ಲಿ ಕೊರತೆ ಬಿದ್ದರೆ ತುಂಬುವ ದಾರಿ ಒಂದೇ: ಊರಿನ ಮಕ್ಕಳನ್ನೇ ಬೆಳೆಸಿಕೊಳ್ಳಬೇಕು.

ಹೀಗೆ ಬೆಳೆಸಲು ಹುರುಪು ಎಲ್ಲಿಂದ ಬರುತ್ತದೆ? ಬಹುಪಾಲು ಅದು ಪಕ್ಕದ ಊರಿನಿಂದ ಬರುತ್ತದೆ. ದೂರದ ತಂಡಕ್ಕೆ ಸೋತ ನೋವು ವಾರದಲ್ಲಿ ಮಾಯುತ್ತದೆ. ನೆರೆಯೂರಿಗೆ ಸೋತರೆ ಹಾಗಲ್ಲ. ಗೆದ್ದವನು ಮರುದಿನ ಅಂಗಡಿಯಲ್ಲಿ ಎದುರಾಗುತ್ತಾನೆ, ಒಂದೇ ಕಾರ್ಖಾನೆಯಲ್ಲಿ ದುಡಿಯುತ್ತಾನೆ, ಅನೇಕ ವೇಳೆ ಬೀಗನೂ ಆಗಿರುತ್ತಾನೆ! ಡೌನ್ ಕೌಂಟಿಯ ಬರ್ರೆನ್ ಕ್ಲಬ್ 1986 ಮತ್ತು 1988ರಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿಯನ್ನು ಗೆದ್ದಿತ್ತು. ಅದೇ ಕೌಂಟಿಯಲ್ಲಿ, ಮೋರ್ನ್ ಬೆಟ್ಟಗಳ ಮಗ್ಗುಲಲ್ಲಿ ಕಿಲ್ಕೂ ಎಂಬ ಪುಟ್ಟ ಹಳ್ಳಿಯಿದೆ. ನೆರೆಯವರ ಮನೆಯಲ್ಲಿ ಮೆರೆದ ಕೀರ್ತಿಯನ್ನು ಕಂಡ ಹಳ್ಳಿ ಕೈಕಟ್ಟಿ ಕುಳಿತೀತೆ? ಪೈಪೋಟಿಯ ಕಾವಿನಲ್ಲಿ ಕಿಲ್ಕೂ ಹದಗೊಂಡಿತು.

ಆದರೆ ಪೈಪೋಟಿ ಹದಿನೈದು ಜನರಿಂದ ಮಾತ್ರ ಸಾಗದು. ಒಬ್ಬನ ಮೊಣಕಾಲು ಉಳುಕುತ್ತದೆ. ಒಬ್ಬನಿಗೆ ಪರೀಕ್ಷೆ ಬರುತ್ತದೆ. ಇನ್ನೊಬ್ಬ ಕೆಲಸ ಅರಸಿ ಆಸ್ಟ್ರೇಲಿಯಾಕ್ಕೆ ಹಡಗನ್ನೋ ವಿಮಾನವನ್ನೋ ಏರುತ್ತಾನೆ. ಉತ್ತಮ ಆಟಗಾರರನ್ನು ಕೌಂಟಿ ತಂಡ ಕರೆದೊಯ್ಯುತ್ತದೆ. 2022ರಿಂದ ವರ್ಷದ ಮೊದಲ ಭಾಗವನ್ನು ಕೌಂಟಿಗಳ ಪಂದ್ಯಗಳಿಗೂ ಉಳಿದ ಭಾಗವನ್ನು ಕ್ಲಬ್ಬುಗಳ ಚಾಂಪಿಯನ್‌ಷಿಪ್ಪಿಗೂ ಮೀಸಲಿಟ್ಟಿದ್ದಾರೆ. ವಸಂತಕಾಲದ ಲೀಗ್ ಪಂದ್ಯಗಳನ್ನು ಹೆಚ್ಚಿನ ಕ್ಲಬ್ಬುಗಳು ಕೌಂಟಿ ವೀರರಿಲ್ಲದೆಯೇ ಆಡಬೇಕು. ಆಗ ಬೆಳಕಿಗೆ ಬರುವವನೇ ಹದಿನಾರನೆಯ ಆಟಗಾರ.

ಅವನ ಪಾಡು ಸುಲಭದ್ದಲ್ಲ. ಮಳೆಯಲ್ಲಿ ನೆನೆದು ಎಲ್ಲರಂತೆ ಅಭ್ಯಾಸ ಮಾಡುತ್ತಾನೆ. ಪಂದ್ಯದ ದಿನ ಗೆರೆಯಾಚೆ ಬೆಂಚಿನ ಮೇಲೆ ಕೂರುತ್ತಾನೆ. ಮನೆಯವರು ಅವನನ್ನು ನೋಡಲು ಬಂದಿರುತ್ತಾರೆ; ಅವನ ಹೆಸರು ಕೂಗುವುದೇ ಇಲ್ಲ. ಇತ್ತ ತರಬೇತುದಾರನಿಗೂ ಸಂಕಟ. ಇಂದಿನ ಪಂದ್ಯ ನೆರೆಯೂರಿನ ಮೇಲೆ. ಪಳಗಿದವರನ್ನು ಕೂರಿಸಿ ಎಳೆಯನನ್ನು ಇಳಿಸಿದರೆ ಸೋಲಾದೀತು, ಇಳಿಸದಿದ್ದರೆ ಮುಂದಿನ ವರ್ಷ ಪಳಗಿದವನೇ ಇರಲಾರ. ಇಂದಿನ ಗೆಲುವೋ, ನಾಳಿನ ತಂಡವೋ ಎಂಬ ಈ ತೂಗಾಟದಲ್ಲಿ ಅನೇಕರು ಇಂದಿನ ಗೆಲುವನ್ನೇ ಆರಿಸಿಕೊಂಡು, ನಾಲ್ಕಾರು ವರ್ಷಗಳಲ್ಲಿ ಬರಿಗೈಯಾಗುತ್ತಾರೆ. ಇದನ್ನರಿತೇ ಆ ಸಂಸ್ಥೆಯು ಚಿಕ್ಕ ಮಕ್ಕಳಿಗೆ ‘ಗೋ ಗೇಮ್ಸ್’ ಎಂಬ ಪದ್ಧತಿಯನ್ನು ಏರ್ಪಡಿಸಿದೆ. ಅದರಲ್ಲಿ ಬಂದ ಮಕ್ಕಳೆಲ್ಲರೂ ಆಡಬೇಕು. ಬೆಂಚಿನ ಮೇಲೆ ಯಾರನ್ನೂ ಕೂರಿಸುವಂತಿಲ್ಲ.

ಎಳೆಯರನ್ನು ನಂಬಿದವರಿಗೆ ದೊರೆತ ಫಲಕ್ಕೆ ಅರ್ಮಾ ಕೌಂಟಿಯ ಕ್ರಾಸ್‌ಮಗ್ಲೆನ್ ರೇಂಜರ್ಸ್ ನಿದರ್ಶನ. 1996ರಿಂದ 2008ರವರೆಗೆ ಸತತವಾಗಿ ಹದಿಮೂರು ವರ್ಷ ಆ ಕ್ಲಬ್ ಕೌಂಟಿಯ ಚಾಂಪಿಯನ್ ಆಯಿತು. ಹದಿಮೂರು ವರ್ಷ ಒಬ್ಬನ ಕಾಲು ಒಂದೇ ಬಗೆಯಲ್ಲಿ ಓಡಲಾರದು. 1997ರಲ್ಲಿ ಮೊದಲ ಬಾರಿಗೆ ಅಖಿಲ ಐರ್ಲೆಂಡ್ ಪ್ರಶಸ್ತಿ ತಂದವರಿಗೂ, 2012ರಲ್ಲಿ ಆರನೆಯದನ್ನು ತಂದವರಿಗೂ ನಡುವೆ ಒಂದು ತಲೆಮಾರೇ ಬದಲಾಗಿತ್ತು. ಹಳಬರು ಆಡುತ್ತಿದ್ದಾಗ ಬೆಂಚಿನ ಮೇಲೂ ಬೇಲಿಯ ಬಳಿಯೂ ಕುಳಿತಿದ್ದ ಹುಡುಗರು ಅವರ ಅಂಗಿಯನ್ನು ತೊಟ್ಟುಕೊಂಡಿದ್ದರು.

ಕಿಲ್ಕೂವಿನ ಕತೆಯೂ ಇಂಥದೇ. 2020ರ ಜನವರಿಯಲ್ಲಿ ಅಖಿಲ ಐರ್ಲೆಂಡ್ ಫೈನಲಿನಲ್ಲಿ ಅದು ಗಾಲ್ವೇ ಕೌಂಟಿಯ ಕೊರೊಫಿನ್ ತಂಡಕ್ಕೆ ಹೆಚ್ಚುವರಿ ಅವಧಿಯಲ್ಲಿ ಸೋತಿತು. ಎರಡು ವರ್ಷಗಳ ಬಳಿಕ, 2022ರ ಫೆಬ್ರವರಿಯಲ್ಲಿ, ಮತ್ತೆ ಫೈನಲಿಗೆ ಬಂದಾಗ ಎದುರಾಳಿಯಾಗಿ ನಿಂತದ್ದು ಡಬ್ಲಿನ್ ಮಹಾನಗರದ ಕಿಲ್‌ಮಕಡ್ ಕ್ರೋಕ್ಸ್. ಅದು ಸಾವಿರಾರು ಸದಸ್ಯರುಳ್ಳ ಕ್ಲಬ್. ಇದು ಅಣ್ಣತಮ್ಮಂದಿರು ಅಕ್ಕಪಕ್ಕ ನಿಂತು ಆಡುವ ಹಳ್ಳಿಯ ತಂಡ. ಅಂದೂ ಆಟ ಹೆಚ್ಚುವರಿ ಅವಧಿಗೆ ಬೆಳೆಯಿತು. ದಣಿದ ಕಾಲುಗಳ ಜಾಗಕ್ಕೆ ಹೊಸ ಕಾಲುಗಳು ಬೇಕಾದ ಗಳಿಗೆ ಅದು. ಕೊನೆಯ ನಿಮಿಷದವರೆಗೂ ಹಿಂದಿದ್ದ ಕಿಲ್ಕೂ ಒಂದು ಗೋಲಿನಿಂದ ಹದಿನಾಲ್ಕಕ್ಕೆ ಹದಿಮೂರು ಅಂಕಗಳ ಜಯ ಪಡೆಯಿತು. ಸದಸ್ಯರ ಸಂಖ್ಯೆ ದೊಡ್ಡದಾಗಿದ್ದರೆ ಸಾಲದು. ಇದ್ದವರಲ್ಲಿ ಎಷ್ಟು ಮಂದಿ ಸಿದ್ಧರಾಗಿದ್ದಾರೆ ಎಂಬುದೇ ತಂಡದ ಆಳ.

ಆದರೂ ಇದ್ದವರೇ ಇಲ್ಲದಂತಾದರೆ? ಐರ್ಲೆಂಡಿನ ಪಶ್ಚಿಮ ತೀರದ ಎಷ್ಟೋ ಹಳ್ಳಿಗಳಿಂದ ಯುವಕರು ನಗರಗಳಿಗೂ ಹೊರದೇಶಗಳಿಗೂ ಹೊರಟುಹೋಗುತ್ತಿದ್ದಾರೆ. ಶಾಲೆಯಲ್ಲಿ ಮಕ್ಕಳು ಕಡಮೆಯಾದರೆ, ಕೆಲವು ವರ್ಷಗಳಲ್ಲಿ ಕ್ಲಬ್ಬಿನಲ್ಲಿಯೂ ಜನ ಕಡಮೆಯಾಗುತ್ತಾರೆ. ಹದಿನಾರನೆಯವನು ಹಾಗಿರಲಿ, ಹದಿನೈದನೆಯವನಿಗೇ ಹುಡುಕಾಟ. ಆಗ ಕೆಲವು ಕ್ಲಬ್ಬುಗಳು ತಮ್ಮ ಮಕ್ಕಳ ತಂಡಗಳನ್ನು ಹಳೆಯ ಎದುರಾಳಿಯ ಮಕ್ಕಳೊಡನೆಯೇ ಸೇರಿಸಬೇಕಾಗುತ್ತದೆ. ಅಜ್ಜ ಯಾವ ಬಣ್ಣವನ್ನು ಸೋಲಿಸಲು ಬೆವರು ಸುರಿಸಿದ್ದನೋ ಅದೇ ಬಣ್ಣದ ಹುಡುಗನಿಗೆ ಮೊಮ್ಮಗ ಚೆಂಡು ದಾಟಿಸುತ್ತಾನೆ. ಹಿರಿಯರಿಗೆ ಇದು ನುಂಗಲಾರದ ತುತ್ತು.

ಕೆರ್ರಿ ಕೌಂಟಿಯಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ. ಸಣ್ಣ ಕ್ಲಬ್ಬುಗಳು ತಮ್ಮತಮ್ಮ ಹೆಸರಿನಲ್ಲಿಯೇ ಪರಸ್ಪರ ಸೆಣಸುತ್ತವೆ. ಕೌಂಟಿಯ ದೊಡ್ಡ ಚಾಂಪಿಯನ್‌ಷಿಪ್ ಬಂದಾಗ ಒಂದು ಪ್ರದೇಶದವರೆಲ್ಲ ಸೇರಿ ಒಂದೇ ತಂಡವಾಗುತ್ತಾರೆ. ಹೀಗೆ ಕೂಡಿದ ಈಸ್ಟ್ ಕೆರ್ರಿ ತಂಡವು 2019, 2020, 2022 ಮತ್ತು 2023ರಲ್ಲಿ ಚಾಂಪಿಯನ್ ಆಯಿತು. ಡೇವಿಡ್ ಕ್ಲಿಫರ್ಡನೂ ಅವನ ಅಣ್ಣ ಪೌಡಿಯೂ ಅದರಲ್ಲಿ ಆಡಿದರು. ಅವರ ಸ್ವಂತ ಊರಿನ ಕ್ಲಬ್ ಫೊಸ್ಸಾ ಇದರಿಂದ ಕರಗಿಹೋಗಲಿಲ್ಲ. 2023ರ ಜನವರಿಯಲ್ಲಿ ಅದು ತನ್ನದೇ ಹೆಸರಿನಲ್ಲಿ ಅಖಿಲ ಐರ್ಲೆಂಡ್ ಜೂನಿಯರ್ ಕ್ಲಬ್ ಪ್ರಶಸ್ತಿಯನ್ನು ಗೆದ್ದುಕೊಂಡಿತು.

ಎದುರಾಳಿಯು ಅಳಿದುಹೋಗಲೆಂದು ಆಟ ಬಲ್ಲವನು ಎಂದೂ ಹಾರೈಸಲಾರ. ಎದುರಾಳಿಯಿಲ್ಲದ ಊರಿನಲ್ಲಿ ಬೆಂಚಿನ ಮೇಲೆ ಕೂರಲೂ ಹುಡುಗರು ಬಾರರು. ಚಳಿಗಾಲದ ಸಂಜೆ ನೆರೆಯೂರಿನ ಬಯಲಿನಲ್ಲಿ ದೀಪ ಉರಿಯುತ್ತಿದ್ದರೆ, ಈ ಊರಿನ ಹದಿನಾರನೆಯವನೂ ಒದ್ದೆ ಬೂಟುಗಳನ್ನು ಕಟ್ಟಿಕೊಂಡು ಕತ್ತಲೆಯಲ್ಲಿ ಮೈದಾನದ ಕಡೆಗೆ ನಡೆಯುತ್ತಾನೆ.