ಚರ್ಮದ ಕುರ್ಚಿ

ನಾನು ನಿವೃತ್ತನಾದ ವರ್ಷ ಮಗನು ತನ್ನ ಮೊದಲ ಸಂಬಳದಲ್ಲಿ ಒಂದು ಕಚೇರಿ ಕುರ್ಚಿಯನ್ನು ತಂದುಕೊಟ್ಟನು. "ಅಸಲಿ ಚರ್ಮದ್ದು ಅಪ್ಪಾ, ಇನ್ನಾದರೂ ಆರಾಮವಾಗಿ ಕುಳಿತು ಬರೆಯಿರಿ" ಎಂದನು. ಶಾಲೆಯ ಮರದ ಕುರ್ಚಿಯಲ್ಲೇ ಆಯುಷ್ಯ ಸವೆಸಿದ ನನಗೆ ಅದು ಸಿಂಹಾಸನವೇ ಆಗಿತ್ತು.

ಉಚ್ಚಿಲದ ಕಡಲ ಗಾಳಿಯಲ್ಲಿ ಐದಾರು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲ್ಮೈ ಬಿರಿದು, ಕರಿಯ ಹಕ್ಕಳೆಗಳು ನನ್ನ ಬಿಳಿ ಪಂಚೆಗೆ ಅಂಟತೊಡಗಿದವು. ಪಾಲಿಶ್ ಹಚ್ಚಿದರೂ ಫಲವಾಗಲಿಲ್ಲ.

ಕೊನೆಗೆ ಕುರ್ಚಿಯನ್ನು ಬೋರಲು ಹಾಕಿ, ತಿರುಪುಗಳನ್ನು ಬಿಚ್ಚಿ, ಪೀಠದ ಹೊದಿಕೆಯನ್ನು ಕಿತ್ತೆ. ಚರ್ಮವಾದರೆ ಹಿಂಬದಿ ನಾರುನಾರಾಗಿರುತ್ತದೆ. ಇಲ್ಲಿದ್ದುದು ನೇಯ್ದ ಬಟ್ಟೆ, ಅದರ ಮೇಲೆ ಪಾಲಿಯುರೆಥೇನಿನ ತೆಳು ಲೇಪ. ಗಾಳಿಯ ತೇವಾಂಶವೇ ಈ ಲೇಪವನ್ನು ಕ್ರಮೇಣ ಒಡೆಯುತ್ತದೆ. ಒಣಗಿದ ಚರ್ಮಕ್ಕೆ ಎಣ್ಣೆ ಉಣಿಸಬಹುದು. ಇದಕ್ಕೆ ಹೊಸ ಹೊದಿಕೆಯೊಂದೇ ದಾರಿ.

ಹಳೆಯ ಹೊದಿಕೆಯನ್ನೇ ಅಳತೆಗಿಟ್ಟು, ದಪ್ಪ ಹತ್ತಿಬಟ್ಟೆಯನ್ನು ಸುತ್ತಲೂ 2 ಅಂಗುಲ ಹೆಚ್ಚಿಗೆ ಕತ್ತರಿಸಿದೆ. ಮೊದಲು ನಾಲ್ಕು ಬದಿಗಳ ನಡುವೆ ಒಂದೊಂದು ಗಿಡ್ಡ ಮೊಳೆ. ಬಳಿಕ ಎದುರುಬದುರಾಗಿ ಬಿಗಿಯುತ್ತ ಮೂಲೆಗಳತ್ತ ಸಾಗಬೇಕು. ಒಂದೇ ಬದಿಯಿಂದ ಹೊರಟರೆ ಬಟ್ಟೆ ಓರೆಯಾಗುತ್ತದೆ. ಮೊದಲ ಸಲ ನನ್ನದೂ ಓರೆಯಾಗಿ, ಎಲ್ಲವನ್ನೂ ಕಿತ್ತು ಪುನಃ ಹೊಡೆಯಬೇಕಾಯಿತು.

"ಅದನ್ನು ಎಸೆಯಿರಿ, ಹೊಸದು ಕಳಿಸುತ್ತೇನೆ" ಎಂದು ಮಗ ಫೋನಿನಲ್ಲಿ ಹೇಳಿದನು. ಬೇಡವೆಂದೆ. ಚರ್ಮದ ಬೆಲೆ ತೆತ್ತು ಅವನು ಮೋಸಹೋದುದನ್ನು ಹೇಳಲು ನಾಲಗೆ ಏಳಲಿಲ್ಲ. ಇದನ್ನು ಓದಿದರೆ ಈಗ ತಿಳಿಯುತ್ತದೆ. ಬೇಸರಿಸಬೇಡ ಮಗಾ, ಕುರ್ಚಿ ಗಟ್ಟಿಯಾಗಿದೆ, ಅದರಲ್ಲೇ ಕುಳಿತು ಬರೆಯುತ್ತಿದ್ದೇನೆ.