ಅತ್ತೆಯ ಹಾಡು, ಮಗನ ಪೆಟ್ಟಿಗೆ

ನಮ್ಮತ್ತೆಗೆ ಈಗ 78. ಸೋಬಾನೆ ಪದ, ಬೀಸುವ ಪದ, ತೊಟ್ಟಿಲ ಹಾಡು ಎಲ್ಲವೂ ಬಾಯಲ್ಲೇ ಇವೆ, ಒಂದನ್ನೂ ಬರೆದಿಟ್ಟಿಲ್ಲ. ಹೋದ ಮಳೆಗಾಲದ ನೆಗಡಿಯ ನಂತರ ದನಿ ಸ್ವಲ್ಪ ಒಡೆದಿದೆ. ಅದಕ್ಕೇ ಮಗ ರೆಕಾರ್ಡಿಂಗಿಗೆ ಅವಸರ ಮಾಡಿದ. ಮೈಕು, ಕಂಪ್ಯೂಟರು ಮನೆಯಲ್ಲೇ ಇದ್ದವು. ಜೊತೆಗೆ ಗೆಳೆಯನಿಂದ ಹಳೆಯ ಅನಲಾಗ್ ಕಂಪ್ರೆಸರ್ ಒಂದನ್ನು ಎರವಲು ತಂದ. ಮುಳ್ಳಾಡುವ ಮೀಟರು, ದಪ್ಪ ದಪ್ಪ ತಿರುಗುಗುಂಡಿಗಳು.

ನಾವು ಗೊತ್ತುಮಾಡಿದ ಮಟ್ಟವನ್ನು ದನಿ ಮೀರಿದಾಗ ಹಿಡಿದು ತಗ್ಗಿಸುವುದು ಅದರ ಕೆಲಸ. 4:1 ಎಂದು ಇಟ್ಟರೆ, ಆ ಮಟ್ಟದ ಮೇಲೆ 4 ಡೆಸಿಬಲ್ ಏರಿದ ದನಿ 1 ಡೆಸಿಬಲ್ ಮಾತ್ರ ಏರಿ ಹೊರಬರುತ್ತದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಹೆಸರು ಮಾಡಿದ ಎಲ್‌ಎ-2ಎ ಎಂಬ ಪೆಟ್ಟಿಗೆಯೊಳಗೆ ದನಿ ಜೋರಾದಷ್ಟೂ ಒಂದು ಬೆಳಕು ಹೆಚ್ಚುತ್ತದೆ. ಆ ಬೆಳಕು ಬಿದ್ದ ಕೋಶ ದನಿಯನ್ನು ತಗ್ಗಿಸುತ್ತದೆ. ಬೆಳಕು ಹಾಡಿಗೆ ಕಡಿವಾಣ ಹಾಕುತ್ತದೆ ಎಂದು ಮಗ ವಿವರಿಸಿದಾಗ ನನಗೆ ಪುರಾಣ ಕೇಳಿದಂತಾಯಿತು.

ಅತ್ತೆ ಒಂದೇ ಸಮನೆ ಹಾಡುವವರಲ್ಲ. ಸೊಲ್ಲು ಎತ್ತುವಾಗ ಓಣಿಗೆ ಕೇಳಬೇಕು, ಮುಗಿಸುವಾಗ ಪಕ್ಕದವರಿಗೂ ಕೇಳದು. ಮಗ ಮುಳ್ಳು 10 ಡೆಸಿಬಲ್ ಕೆಳಗಿಳಿಯುವಷ್ಟು ಒತ್ತಿ, ಆಮೇಲೆ ಒಟ್ಟು ದನಿಯನ್ನು ಏರಿಸಿದ. ಪದಗಳು ಸ್ಪಷ್ಟವಾದವು, ನಿಜ. ಆದರೆ ಅವುಗಳ ಜೊತೆಗೆ ಫ್ಯಾನಿನ ಗುಂಯ್‌ಗುಟ್ಟುವಿಕೆ, ಬೀದಿಯ ಸ್ಕೂಟರು, ಉಸಿರೆಳೆತ ಎಲ್ಲವೂ ಮುಂದೆ ಬಂದವು. ಅತ್ತೆ ಕೇಳಿ, "ಇದ್ಯಾರಮ್ಮ, ಏದುಸಿರು ಬಿಡೋಳು?" ಅಂದರು.

ಕಂಪ್ಯೂಟರಿನಲ್ಲಿ ಆಮೇಲೆ ಹಾಕುವ ಕಂಪ್ರೆಷನ್ ಬೇಡವೆನಿಸಿದರೆ ತೆಗೆಯಬಹುದು. ಪೆಟ್ಟಿಗೆ ಹಾದು ಬಂದದ್ದು ಹಾಗೆಯೇ ದಾಖಲಾಗಿಬಿಡುತ್ತದೆ. ಮತ್ತೆ ಮತ್ತೆ ಹಾಡಿಸೋಣವೆಂದರೆ ಆ ಗಂಟಲಿಗೆ ದಿನಕ್ಕೆ ಎರಡು ಪದವೇ ಹೆಚ್ಚು. ದನಿ ಎಲ್ಲಿ ಒಡೆದೀತೋ ಎಂಬ ಭಯಕ್ಕೆ ಪೆಟ್ಟಿಗೆಯೇ ಬೇಕೆಂದಿಲ್ಲ. 24 ಬಿಟ್ ರೆಕಾರ್ಡಿಂಗಿನಲ್ಲಿ ಅತಿ ಜೋರಿನ ಸೊಲ್ಲನ್ನೂ ಗಡಿಗಿಂತ 12 ಡೆಸಿಬಲ್ ಕೆಳಗೇ ಇಟ್ಟುಕೊಂಡರೆ ಸಾಕು.

ಈಗ ಫ್ಯಾನು ಬಂದ್, ಕಿಟಕಿಗೆ ಕಂಬಳಿ. ಮೈಕಿನಿಂದ ಬಂದ ದನಿ ಎರಡು ದಾರಿ ಹಿಡಿಯುತ್ತದೆ: ಒಂದು ನೇರ, ಇನ್ನೊಂದು ಪೆಟ್ಟಿಗೆಯ ಮೂಲಕ. ಮುಳ್ಳು 2–3 ಡೆಸಿಬಲ್‌ಗಿಂತ ಹೆಚ್ಚು ಇಳಿಯಕೂಡದೆಂದು ಕಟ್ಟಪ್ಪಣೆ. ಪೆಟ್ಟಿಗೆಯ ದನಿಗೆ ಒಂದು ದುಂಡುತನ ಇದೆ, ಮಗನಿಗೆ ಅದೇ ಇಷ್ಟ. ನನಗೆ ಒಡಕು ದನಿಯೇ ಅತ್ತೆಯದು ಅನಿಸುತ್ತದೆ.

31 ಪದ ಆಗಿವೆ. ಹೆಣ್ಣೊಪ್ಪಿಸುವ ಪದ ಬಾಕಿ. ಮದುವೆಯಿಲ್ಲದ ಮನೆಯಲ್ಲಿ ಅದನ್ನು ಹಾಡಬಾರದಂತೆ. ಮಾಘದಲ್ಲಿ ನಾದಿನಿಯ ಮಗಳ ಮದುವೆಯಿದೆ. ಮಗ ಮೈಕು ಹೊತ್ತು ತರುತ್ತಾನೆ. ಪೆಟ್ಟಿಗೆ ಮನೆಯಲ್ಲೇ ಇರಲಿ ಅಂದಿದ್ದೇನೆ.